ಮಂಗಳವಾರದ ಮನೋಚೈತನ್ಯ ಕ್ಲಿನಿಕ್: ಉಳಿದ ಆರು ದಿನದ ಲೆಕ್ಕ

ಮೊದಲೇ ತೀರ್ಪು ಹೇಳಿಬಿಡೋಣ. ಮಾನಸಿಕ ಕಾಯಿಲೆಗೆ ಚಿಕಿತ್ಸೆ ಶುರು ಮಾಡಲು ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಕ್ಲಿನಿಕ್‌ಗಿಂತ ಹತ್ತಿರದ, ಅಗ್ಗದ ಜಾಗ ಹಳ್ಳಿಯವರಿಗೆ ಇನ್ನೊಂದಿಲ್ಲ. ಕುಡಿತ ಬಿಡಲು ಮಾತ್ರ ಅದೊಂದನ್ನೇ ನೆಚ್ಚಿಕೊಂಡರೆ ಜೀವಕ್ಕೇ ಕುತ್ತು ಬರಬಹುದು. ಎರಡೂ ನಿಜ ಹೇಗೆ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಅಡಿಯಲ್ಲಿ ಕರ್ನಾಟಕ ಸರ್ಕಾರ 2014ರಲ್ಲಿ ಮನೋಚೈತನ್ಯ ಎಂಬ ಹೆಸರಿನಲ್ಲಿ ಇದನ್ನು ಶುರು ಮಾಡಿತು. ಆಸ್ಪತ್ರೆ ಸಿಬ್ಬಂದಿಯ ಬಾಯಲ್ಲಿ ಇದು ‘ಸೂಪರ್ ಟ್ಯೂಸ್‌ಡೇ’. ಜಿಲ್ಲೆಯಿಂದಲೋ ವೈದ್ಯಕೀಯ ಕಾಲೇಜಿನಿಂದಲೋ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ, ನೋಡುತ್ತಾರೆ, ಬರೆದ ಮಾತ್ರೆ ಅಲ್ಲೇ ಔಷಧಿ ಕೌಂಟರ್‌ನಲ್ಲಿ ಪುಕ್ಕಟೆ ಸಿಗುತ್ತದೆ. ನಗರಕ್ಕೆ ಹೋಗುವ ಬಸ್ ಚಾರ್ಜು, ಇಬ್ಬರ ಒಂದು ದಿನದ ಕೂಲಿ, ವೈದ್ಯರ ಫೀಸು, ತಿಂಗಳ ಮಾತ್ರೆ ಇಷ್ಟನ್ನೂ ಕೂಡಿಸಿ ನೋಡಿದರೆ ಈ ಸೇವೆಯ ಬೆಲೆ ಎಷ್ಟೆಂದು ತಿಳಿಯುತ್ತದೆ. ಸ್ಕಿಜೋಫ್ರೇನಿಯಾದಂಥ ಕಾಯಿಲೆಗೆ ವರ್ಷಗಟ್ಟಲೆ ಮಾತ್ರೆ ನುಂಗಬೇಕು. ಮನೆ ಸೋಲುವುದು ಆ ತಿಂಗಳ ಖರ್ಚಿನಲ್ಲಿ.

ಈ ವ್ಯವಸ್ಥೆಯ ಬೇರು ನಮ್ಮಲ್ಲೇ ಇದೆ. ಬೆಂಗಳೂರಿನ ನಿಮ್ಹಾನ್ಸ್ ಮೊದಲು ನಗರದ ಹತ್ತಿರದ ಸಕಲವಾರದಲ್ಲಿ, ಆಮೇಲೆ 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ವೈದ್ಯರಿಗೇ ತರಬೇತಿ ಕೊಟ್ಟು ಮಾನಸಿಕ ಕಾಯಿಲೆ ನೋಡಿಸಿತು. ಇಡೀ ದೇಶದ ಜಿಲ್ಲಾ ಕಾರ್ಯಕ್ರಮ 1996ರಲ್ಲಿ ಹುಟ್ಟಿದ್ದು ಇದೇ ಬಳ್ಳಾರಿ ಮಾದರಿಯಿಂದ. ಆದರೆ ಬಳ್ಳಾರಿಯ ಮೂಲ ಲೆಕ್ಕದಲ್ಲಿ ತಜ್ಞರು ಕೊನೆಗೆ ಬರುತ್ತಿದ್ದರು. ದಿನನಿತ್ಯ ನೋಡುವುದು, ಮಾತ್ರೆ ಕೊಡುವುದು ಊರಿನ ಪಕ್ಕದ ಪಿಎಚ್‌ಸಿ ಕೆಲಸವಾಗಿತ್ತು. ಈಗ ತಜ್ಞರು ವಾರಕ್ಕೊಮ್ಮೆ ತಾಲ್ಲೂಕಿಗೆ ಬಂದರೂ, ಬಹಳ ಕಡೆ ಪಿಎಚ್‌ಸಿಯಲ್ಲಿ ‘ತಲೆ ಮಾತ್ರೆಯಾ? ಮಂಗಳವಾರ ತಾಲ್ಲೂಕಿಗೆ ಹೋಗಿ’ ಎನ್ನುವುದು ಅಭ್ಯಾಸವಾಗಿಬಿಟ್ಟಿದೆ. ಸೇವೆಯ ಮುಖ್ಯ ಕೊರತೆ ಇದೇ.

ಮೊದಲ ಸಲ ಹೋಗುವವರು ಹಿಂದಿನ ದಿನ ಆಸ್ಪತ್ರೆಗೆ ಫೋನ್ ಮಾಡಿ, ನಾಳೆ ಮನೋವೈದ್ಯರು ಬರುತ್ತಾರಾ ಎಂದು ಕೇಳಿಕೊಳ್ಳಿ. ಎಲ್ಲ ತಾಲ್ಲೂಕಿಗೂ ಪ್ರತಿ ಮಂಗಳವಾರ ತಪ್ಪದೆ ಬರುತ್ತಾರೆಂದೇನಿಲ್ಲ. ಬೆಳಿಗ್ಗೆ ಒಂಬತ್ತೂವರೆಯೊಳಗೆ ಚೀಟಿ ಮಾಡಿಸಿ. ಆಧಾರ್, ರೇಷನ್ ಕಾರ್ಡ್, ಹಳೆಯ ಚೀಟಿಗಳ ಜತೆಗೆ ಖಾಲಿಯಾದ ಮಾತ್ರೆಯ ಸ್ಟ್ರಿಪ್‌ಗಳನ್ನೂ ಒಯ್ಯಿರಿ. ‘ಒಂದು ಬಿಳಿ, ಒಂದು ಅರಿಶಿನ’ ಎಂದರೆ ಯಾವ ವೈದ್ಯರಿಗೂ ಏನೂ ತಿಳಿಯುವುದಿಲ್ಲ. ಜತೆಗೆ ಹೋಗುವವರು ರೋಗಿಯೊಂದಿಗೆ ಒಂದೇ ಮನೆಯಲ್ಲಿ ಇರುವವರಾಗಿರಲಿ. ನಿದ್ದೆ ಎಷ್ಟು ಗಂಟೆ, ಊಟ ಹೇಗೆ, ಕೆಲಸಕ್ಕೆ ಹೋಗುವುದು ಯಾವಾಗ ನಿಂತಿತು, ಸಾಯುವ ಮಾತು ಆಡಿದ್ದಾರಾ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತಾ ಎನ್ನುವ ಐದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ ಒಳಗೆ ಸಿಗುವ ಹತ್ತು ನಿಮಿಷ ಸಾರ್ಥಕ. ಎರಡನೇ ಸಲದಿಂದ ಐದು ನಿಮಿಷವೂ ಸಿಗಲಿಕ್ಕಿಲ್ಲ. ವೈದ್ಯರನ್ನು ದೂರಿ ಫಲವಿಲ್ಲ, ಹೊರಗಿನ ಸಾಲು ನೋಡಿದರೆ ಗೊತ್ತಾಗುತ್ತದೆ. ಒಂದು ಉಪಾಯವಿದೆ: ಹೆಚ್ಚು ಮಾತಾಡಬೇಕಿದ್ದರೆ ತಂಡದಲ್ಲಿರುವ ಮನೋಸಾಮಾಜಿಕ ಕಾರ್ಯಕರ್ತರನ್ನೋ ಮನಃಶಾಸ್ತ್ರಜ್ಞರನ್ನೋ ಕೇಳಿ. ಅವರು ಬಂದಿರುತ್ತಾರೆಂಬುದೇ ಬಹಳ ಜನಕ್ಕೆ ಗೊತ್ತಿಲ್ಲ.

ಇನ್ನು ಮಾತ್ರೆಗಳ ವಿಷಯ. ಕೌಂಟರ್‌ನಲ್ಲಿ ಸಾಮಾನ್ಯವಾಗಿ ಸಿಗುವುದು ರಿಸ್ಪೆರಿಡೋನ್, ಒಲಾಂಜಪೈನ್, ಹ್ಯಾಲೊಪೆರಿಡಾಲ್, ಅಮಿಟ್ರಿಪ್ಟಲಿನ್, ಎಸ್ಸಿಟಾಲೋಪ್ರಾಮ್ ಅಥವಾ ಫ್ಲುಆಕ್ಸೆಟಿನ್, ಲಿಥಿಯಂ, ವಾಲ್‌ಪ್ರೊಯೇಟ್, ಜತೆಗೆ ಹ್ಯಾಲೊಪೆರಿಡಾಲ್‌ನಂಥವುಗಳ ಅಡ್ಡಪರಿಣಾಮ ತಡೆಯುವ ಟಿಎಚ್‌ಪಿ (ಟ್ರೈಹೆಕ್ಸಿಫೆನಿಡಿಲ್). ಹಳೆಯ, ಗಟ್ಟಿ ಔಷಧಿಗಳು. ಬಹುಪಾಲು ರೋಗಿಗಳಿಗೆ ಇಷ್ಟು ಸಾಕು. ಚಿಕಿತ್ಸೆ ಕೈಕೊಡುವುದು ಹೆಚ್ಚಾಗಿ ಬೇರೆ ಕಾರಣಗಳಿಗೆ. ಮೊದಲನೆಯದು ಬಣ್ಣ. ಪೂರೈಕೆದಾರ ಬದಲಾದರೆ ಅದೇ ಮಾತ್ರೆ ಬೇರೆ ಬಣ್ಣ, ಬೇರೆ ಆಕಾರದಲ್ಲಿ ಬರುತ್ತದೆ. ಮನೆಯವರು ‘ಇದು ನಮ್ಮ ಮಾತ್ರೆಯಲ್ಲ’ ಎಂದು ತೆಗೆದಿಡುತ್ತಾರೆ, ಇಲ್ಲವೇ ಹಳೆಯದನ್ನೂ ಹೊಸದನ್ನೂ ಸೇರಿಸಿ ಎರಡು ಪಟ್ಟು ಕೊಡುತ್ತಾರೆ. ಮಾತ್ರೆಯ ಹೆಸರು, ಎಷ್ಟು ಎಂಜಿ ಎಂಬುದನ್ನು ಚೀಟಿಯ ಹಿಂದೆ ಕನ್ನಡದಲ್ಲಿ ಬರೆಸಿಕೊಂಡರೆ ಈ ತೊಂದರೆ ಅಲ್ಲಿಗೇ ಮುಗಿಯಿತು.

ಎರಡನೆಯದು ಸ್ಟಾಕ್. ಕೌಂಟರ್‌ನಲ್ಲಿ ಒಂದು ಮಾತ್ರೆ ಇಲ್ಲವೆಂದರೆ ಉಳಿದ ಎರಡನ್ನು ತಗೊಂಡು ಸುಮ್ಮನೆ ಮನೆಗೆ ಹೋಗುವವರೇ ಹೆಚ್ಚು. ಇಲ್ಲದ್ದು ಯಾವುದೆಂದು ನೋಡಿ. ಟಿಎಚ್‌ಪಿ ಇಲ್ಲದೆ ಹ್ಯಾಲೊಪೆರಿಡಾಲ್ ಒಂದೇ ಹೋದರೆ ಕತ್ತು ಸೆಟೆದುಕೊಳ್ಳುವುದು, ಕೈ ನಡುಕ, ಜೊಲ್ಲು ಶುರುವಾಗಬಹುದು. ಆಮೇಲೆ ರೋಗಿ ‘ಆ ಮಾತ್ರೆ ನನಗೆ ಬೇಡ’ ಎಂದರೆ ತಪ್ಪು ಅವರದಲ್ಲ. ಇಂಥ ದಿನ ಜನೌಷಧಿ ಅಂಗಡಿಯಲ್ಲಿ ವಿಚಾರಿಸಿ, ಬಹುತೇಕ ಸಿಗುತ್ತದೆ, ದುಡ್ಡೂ ಕಡಿಮೆ.

ಮೂರನೆಯದು ಅವಸರ. ಖಿನ್ನತೆಯ ಮಾತ್ರೆ ಕೆಲಸ ತೋರಿಸಲು 2ರಿಂದ 4 ವಾರ ಬೇಕು, ಹೊಟ್ಟೆ ತೊಳಸುವುದು ಮೊದಲ ವಾರದಲ್ಲೇ ಕಾಣಿಸುತ್ತದೆ. ಅಂದರೆ ತೊಂದರೆ ಮೊದಲು, ಗುಣ ಆಮೇಲೆ. ಇದನ್ನು ಮೊದಲೇ ಹೇಳದಿದ್ದರೆ ಎಂಟನೇ ದಿನಕ್ಕೆ ಮಾತ್ರೆ ಕಸದ ಬುಟ್ಟಿ ಸೇರುತ್ತದೆ. ಲಿಥಿಯಂ ತಗೊಳ್ಳುವವರು ರಕ್ತದಲ್ಲಿ ಅದರ ಮಟ್ಟ ನೋಡಿಸುತ್ತಲೇ ಇರಬೇಕು. ಬಿಸಿಲಲ್ಲಿ ದುಡಿದು ನೀರು ಕುಡಿಯದಿದ್ದರೂ, ವಾಂತಿಭೇದಿಯಾದರೂ, ಮೈಕೈ ನೋವಿಗೆಂದು ಡೈಕ್ಲೊಫೆನಾಕ್ ನುಂಗಿದರೂ ಆ ಮಟ್ಟ ಏರುತ್ತದೆ. ಕೈ ಜೋರಾಗಿ ನಡುಗಿ, ಮಾತು ತೊದಲಿ, ನಡೆ ತೂರಾಡಿದರೆ ಮಂಗಳವಾರಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಈ ಪರೀಕ್ಷೆ ಎಲ್ಲ ತಾಲ್ಲೂಕಿನಲ್ಲೂ ಆಗುವುದಿಲ್ಲ, ಹಾಗಾಗಿ ಲಿಥಿಯಂ ಬರೆಯುವಾಗಲೇ ‘ರಕ್ತ ಎಲ್ಲಿ ಕೊಡಬೇಕು’ ಎಂದು ಕೇಳಿ. ಮುಂದೆ ಬಸುರಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ವಾಲ್‌ಪ್ರೊಯೇಟ್ ಬರೆದರೆ, ಬೇರೆ ಮಾತ್ರೆ ಇಲ್ಲವೇ ಎಂದು ಕೇಳಲು ಸಂಕೋಚ ಬೇಡ. ಹುಟ್ಟುವ ಮಗುವಿಗೆ ಅದರಿಂದ ತೊಂದರೆಯಾಗುವ ಸಂಭವ ಇದೆ.

ಮಾತ್ರೆ ನುಂಗಲು ಒಪ್ಪದವರಿಗೆ ಫ್ಲುಫೆನಜಿನ್ ಡೆಕನೋಯೇಟ್ ಇಂಜೆಕ್ಷನ್ ಇದೆ. 2ರಿಂದ 4 ವಾರಕ್ಕೊಮ್ಮೆ ಕೊಟ್ಟರೆ ಆಯಿತು. ಈ ಇಡೀ ವ್ಯವಸ್ಥೆಯಲ್ಲಿ ಅತಿ ಕಡಿಮೆ ಬಳಕೆಯಾಗುತ್ತಿರುವ ಒಳ್ಳೆಯ ವಸ್ತು ಇದೇ ಎಂಬುದು ನಮ್ಮ ಅಭಿಪ್ರಾಯ. ತಾಲ್ಲೂಕಿನಲ್ಲಿ ಬರೆಸಿಕೊಂಡು, ಪಿಎಚ್‌ಸಿಯ ಸಿಸ್ಟರ್ ಕೈಯಲ್ಲೇ ಹಾಕಿಸಿಕೊಳ್ಳಬಹುದು. ಆಶಾ ಕಾರ್ಯಕರ್ತೆಗೆ ತಾರೀಖು ಹೇಳಿಟ್ಟರೆ ನೆನಪಿಸುತ್ತಾರೆ. ಆದರೆ ರೋಗಿಗೆ ತಿಳಿಸಿ, ಒಪ್ಪಿಸಿಯೇ ಕೊಡಬೇಕು. ‘ಶಕ್ತಿ ಇಂಜೆಕ್ಷನ್’ ಎಂದು ಸುಳ್ಳು ಹೇಳಿ ಹಾಕಿಸಿದರೆ ಮುಂದಿನ ತಿಂಗಳು ಆಸ್ಪತ್ರೆಯ ಮೆಟ್ಟಿಲೇ ಹತ್ತುವುದಿಲ್ಲ.

ಈಗ ಕುಡಿತ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ ಮದ್ಯದ ತೊಂದರೆ ಇರುವವರಲ್ಲಿ ನೂರಕ್ಕೆ 86 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಹಾಗಾಗಿ ಕುಡಿಯುವವನು ಮಂಗಳವಾರ ಬಾಗಿಲಿಗೆ ಬಂದ ಎಂದರೆ ಅದೇ ದೊಡ್ಡದು. ತೊಡಕು ಇರುವುದು ದಿನದ ಲೆಕ್ಕದಲ್ಲಿ.

ದಿನಾ ಎರಡು ಕ್ವಾರ್ಟರ್ ಏರಿಸುವವನು ಮಂಗಳವಾರ ಬೆಳಿಗ್ಗೆ ಕೊನೆಯ ಪೆಗ್ ಹಾಕಿ, ವೈದ್ಯರ ಮುಂದೆ ‘ಇವತ್ತಿಂದ ಮುಟ್ಟಲ್ಲ’ ಎಂದು ಆಣೆ ಇಡುತ್ತಾನೆ. ಆರೆಂಟು ಗಂಟೆಯಲ್ಲಿ, ಅಂದರೆ ಸಂಜೆಯೊಳಗೆ, ಕೈ ನಡುಕ, ಬೆವರು, ವಾಕರಿಕೆ. ಬುಧವಾರ, ಗುರುವಾರ ಬೆಳಗಿನೊಳಗೆ ಫಿಟ್ಸ್ ಬರಬಹುದು; 48 ಗಂಟೆಯೊಳಗೆ ಬರುವುದು ವಾಡಿಕೆ. ಗುರುವಾರದಿಂದ ಶನಿವಾರದ ನಡುವೆ, 48ರಿಂದ 96 ಗಂಟೆಯಲ್ಲಿ, ಸನ್ನಿ ಹಿಡಿಯುವ ಸಮಯ. ಇಲ್ಲದ ಹುಳ ಹಾವು ಕಾಣುತ್ತವೆ, ಹಗಲೋ ರಾತ್ರಿಯೋ ತಿಳಿಯುವುದಿಲ್ಲ, ಜ್ವರ ಏರಿ ಎದೆ ಹೊಡೆದುಕೊಳ್ಳುತ್ತದೆ. ಊರಲ್ಲಿ ಇದಕ್ಕೆ ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಸಾವೂ ಬರಬಹುದು. ಅತ್ತ ಮನೋವೈದ್ಯರು ಮತ್ತೆ ಬರುವುದು ಮುಂದಿನ ಮಂಗಳವಾರ. ವಾರಕ್ಕೊಮ್ಮೆಯ ಕ್ಲಿನಿಕ್‌ಗೂ ಮದ್ಯದ ಗಡಿಯಾರಕ್ಕೂ ತಾಳವೇ ಕೂಡುವುದಿಲ್ಲ.

ಹಾಗಾಗಿ ಕ್ಲಿನಿಕ್‌ನಲ್ಲಿ ಕುಡಿತದ ಪ್ರಮಾಣವನ್ನು ಮುಚ್ಚುಮರೆ ಇಲ್ಲದೆ ಮಿಲಿ ಲೆಕ್ಕದಲ್ಲಿ ಹೇಳಿ. 42.8 ಶೇಕಡಾ ಮದ್ಯಸಾರದ ವಿಸ್ಕಿಯೋ ರಮ್ಮೋ 180 ಮಿಲಿ ಕ್ವಾರ್ಟರ್ ಎಂದರೆ ಸುಮಾರು 60 ಗ್ರಾಂ ಶುದ್ಧ ಮದ್ಯಸಾರ. 90 ಮಿಲಿ ಪ್ಯಾಕೆಟ್ಟಿನಲ್ಲಿ 30. ಶೇಕಡಾ 8ರ ಸ್ಟ್ರಾಂಗ್ ಬಿಯರ್ 650 ಮಿಲಿ ಬಾಟಲಿಯಲ್ಲಿ ಸುಮಾರು 40 ಗ್ರಾಂ ಇರುತ್ತದೆ, ‘ಬರೀ ಬಿಯರ್ ಸಾರ್’ ಎನ್ನುವವರು ಇದನ್ನು ಗಮನಿಸಬೇಕು. ಹಿಂದೆ ಬಿಟ್ಟಾಗ ಫಿಟ್ಸ್ ಅಥವಾ ಸನ್ನಿ ಬಂದಿತ್ತೇ, ಬೆಳಗ್ಗೆ ಎದ್ದ ಕೂಡಲೇ ಬೇಕಾಗುತ್ತದೆಯೇ, ಕಾಮಾಲೆಯೋ ರಕ್ತವಾಂತಿಯೋ ಆಗಿದೆಯೇ ಎಂಬುದನ್ನು ಮರೆಯದೆ ಹೇಳಿ. ಇದರಲ್ಲಿ ಒಂದಕ್ಕಾದರೂ ಹೌದು ಎಂದರೆ, ಅಥವಾ ಮನೆಯಲ್ಲಿ ರಾತ್ರಿ ನೋಡಿಕೊಳ್ಳುವವರಿಲ್ಲದಿದ್ದರೆ, ಜಿಲ್ಲಾ ಆಸ್ಪತ್ರೆಯಲ್ಲೋ ವೈದ್ಯಕೀಯ ಕಾಲೇಜಿನಲ್ಲೋ ಹಾಸಿಗೆ ಕೇಳಿ. ಹಾಸಿಗೆ ಸಿಗುವ ದಿನ ಗೊತ್ತಾಗುವ ಮೊದಲೇ ಒಮ್ಮೆಗೇ ನಿಲ್ಲಿಸುವ ಸಾಹಸ ಬೇಡ. ನಿಲ್ಲಿಸುವ ದಿನವನ್ನೂ ವೈದ್ಯರೇ ಗೊತ್ತು ಮಾಡಲಿ.

ಅಪಾಯ ಕಡಿಮೆ ಇರುವವರಿಗೆ ಮನೆಯಲ್ಲೇ ಬಿಡಿಸಬಹುದು. ಡಯಾಜೆಪಾಮ್ ಅಥವಾ ಕ್ಲೋರ್‌ಡಯಾಜೆಪಾಕ್ಸೈಡ್ ಮಾತ್ರೆಯನ್ನು ಮೊದಲ ಎರಡು ದಿನ ಹೆಚ್ಚು ಕೊಟ್ಟು, ಸುಮಾರು ವಾರದಲ್ಲಿ ಇಳಿಸುತ್ತ ಬಂದು ನಿಲ್ಲಿಸುತ್ತಾರೆ; ಲಿವರ್ ಕೆಟ್ಟಿದ್ದವರಿಗೆ ಲೊರಾಜೆಪಾಮ್. ಈ ಮಾತ್ರೆ ರೋಗಿಯ ಕೈಯಲ್ಲಿ ಇರಬಾರದು, ಮನೆಯವರು ಹೊತ್ತಿಗೆ ಸರಿಯಾಗಿ ಎಣಿಸಿ ಕೊಡಬೇಕು. ಮಾತ್ರೆ ಮತ್ತು ಮದ್ಯ ಒಟ್ಟಿಗೆ ಬಿದ್ದರೆ ಉಸಿರೇ ನಿಲ್ಲಬಹುದು. ಮೊದಲ ನಾಲ್ಕು ದಿನ ದಿನಕ್ಕೊಮ್ಮೆಯಾದರೂ ಪಿಎಚ್‌ಸಿಯಲ್ಲಿ ಬಿಪಿ, ನಾಡಿ ತೋರಿಸಿ ಬರುವ ಏರ್ಪಾಡನ್ನು ಮಂಗಳವಾರವೇ ಮಾಡಿಕೊಳ್ಳಿ. ವೈದ್ಯರಿಂದ ಪಿಎಚ್‌ಸಿಗೆ ಒಂದು ಸಾಲು ಬರೆಸಿಕೊಂಡರೆ ಸಾಕು.

ಗ್ಲೂಕೋಸ್ ಬಾಟಲಿಯ ವಿಚಾರ ಇಲ್ಲಿ ಹೇಳಲೇಬೇಕು. ಕುಡಿದು ಸುಸ್ತಾದವನಿಗೆ ಊರಿನ ಡಾಕ್ಟರು ಮೊದಲು ಏರಿಸುವುದೇ ಅದನ್ನು. ವರ್ಷಗಟ್ಟಲೆ ಊಟ ಬಿಟ್ಟು ಕುಡಿದವರ ಮೈಯಲ್ಲಿ ಬಿ1 ಜೀವಸತ್ವ, ಅಂದರೆ ಥಯಾಮಿನ್, ಬತ್ತಿಹೋಗಿರುತ್ತದೆ. ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಹರಿಸಿದರೆ ಉಳಿದಷ್ಟೂ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳಬಹುದು. ಕಣ್ಣುಗುಡ್ಡೆ ಅದುರುವುದು, ಕುಡಿಯದಿದ್ದರೂ ತೂರಾಡುವುದು, ಗಲಿಬಿಲಿ, ಇವು ಅದರ ಗುರುತು. ತಡಮಾಡಿದರೆ ನೆನಪಿನ ಶಕ್ತಿ ಪೂರ್ತಿ ಮರಳುವುದಿಲ್ಲ. ‘ಮೊದಲು ಥಯಾಮಿನ್ ಇಂಜೆಕ್ಷನ್ ಹಾಕಿದ್ದೀರಾ’ ಎಂದು ಕೇಳುವುದು ಅಧಿಕಪ್ರಸಂಗವಲ್ಲ.

ನಡುಕ ನಿಂತ ಮೇಲೆ ಚಿಕಿತ್ಸೆ ಮುಗಿಯಿತೆಂದು ತಿಳಿಯುವವರೇ ಹೆಚ್ಚು. ವಿಷ ಇಳಿಸುವುದಕ್ಕೆ ವಾರ ಸಾಕು, ಆಸೆ ಇಳಿಸುವುದಕ್ಕೆ ತಿಂಗಳುಗಳು ಬೇಕು. ಅದಕ್ಕೆ ಎರಡು ಮಾತ್ರೆಗಳಿವೆ. ನಾಲ್ಟ್ರೆಕ್ಸೋನ್ ದಿನಕ್ಕೆ 50 ಎಂಜಿ ಒಂದು ಸಲ. ಟ್ರಮಡಾಲ್‌ನಂಥ ನೋವಿನ ಮಾತ್ರೆ ನುಂಗುವವರಿಗೆ ಆಗದು. ಅಕಾಂಪ್ರೊಸೇಟ್ 333 ಎಂಜಿಯ ಎರಡೆರಡು ಮಾತ್ರೆ ಮೂರು ಹೊತ್ತು, ದಿನಕ್ಕೆ ಆರು; ಕೂಲಿ ಕೆಲಸದ ನಡುವೆ ಮಧ್ಯಾಹ್ನದ ಜೋಡಿ ತಪ್ಪಿಹೋಗುವುದೇ ಜಾಸ್ತಿ. ಇವೆರಡೂ ತಾಲ್ಲೂಕು ಕೌಂಟರ್‌ನಲ್ಲಿ ಸದಾ ಸಿಗುತ್ತವೆಂದು ನಂಬಬೇಡಿ. ಡೈಸಲ್ಫಿರಾಂ ಬೇರೆ ಜಾತಿ. ಅದನ್ನು ತಗೊಂಡವನು ಕುಡಿದರೆ ಅರ್ಧ ಗಂಟೆಯೊಳಗೆ ಮುಖ ಕೆಂಪಾಗಿ, ಎದೆ ಬಡಿದು, ವಾಂತಿಯಾಗಿ ಬಿಪಿ ಕುಸಿಯುತ್ತದೆ. ಕೊನೆಯ ಮಾತ್ರೆಯ ನಂತರ ಎರಡು ವಾರದವರೆಗೂ ಈ ಅಪಾಯ ಇರುತ್ತದೆ. ಒಪ್ಪಿಗೆಯಿಂದ, ಮನೆಯವರ ಎದುರು ನುಂಗಿದರೆ ಒಳ್ಳೆಯ ಔಷಧಿ. ಗೋಡೆಗಳ ಮೇಲೆ ‘ಕುಡುಕರಿಗೆ ತಿಳಿಯದಂತೆ ಕುಡಿತ ಬಿಡಿಸುತ್ತೇವೆ’ ಎಂದು ಫೋನ್ ನಂಬರ್ ಸಮೇತ ಬರೆದಿರುತ್ತದಲ್ಲ, ಆ ಪುಡಿಯಲ್ಲಿ ಏನಿದೆಯೆಂದು ಮಾರುವವನೂ ಹೇಳುವುದಿಲ್ಲ. ಅದರಲ್ಲಿ ಡೈಸಲ್ಫಿರಾಂ ಇದ್ದು, ಸಾರಿನಲ್ಲಿ ಕದಡಿ ಕೊಟ್ಟರೆ, ಹೃದಯ ಕಾಯಿಲೆ ಇದ್ದವನಿಗೆ ಸಂಜೆಯ ಕ್ವಾರ್ಟರ್ ಕೊನೆಯದಾಗಬಹುದು.

ಬಿಟ್ಟ ಮೇಲಿನ ಜೊತೆಗಾರಿಕೆಯಲ್ಲಿ ಸರ್ಕಾರಿ ಕ್ಲಿನಿಕ್ ಸೊರಗಿದೆ ಎನ್ನದೆ ವಿಧಿಯಿಲ್ಲ. ಆ ಕೆಲಸವನ್ನು ಹೊರಗಿನವರು ಮಾಡುತ್ತಿದ್ದಾರೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳಲ್ಲಿ ನಮಗೆ ಮೆಚ್ಚುಗೆಯಾಗುವುದು ಶಿಬಿರಕ್ಕಿಂತ ಆಮೇಲಿನ ನವಜೀವನ ಸಮಿತಿಗಳು: ಬಿಟ್ಟವರು ಬಿಟ್ಟವರ ಜತೆ ಕೂಡಿ ಕೂರುವ ಜಾಗ. ಕುಡಿತ ಬಿಟ್ಟವರದ್ದೇ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಿಗೂ ದುಡ್ಡು ಕೊಡಬೇಕಿಲ್ಲ, ಹೆಂಡತಿ ಮಕ್ಕಳಿಗೆ ಬೇರೆಯೇ ಸಭೆ ಇರುತ್ತದೆ. ಒಂದೇ ಎಚ್ಚರಿಕೆ: ಯಾವ ಶಿಬಿರವೇ ಆಗಲಿ, ಹಿಂದೆ ಫಿಟ್ಸ್ ಬಂದವರು ಮೊದಲು ವೈದ್ಯರಿಗೆ ತೋರಿಸಿಯೇ ಸೇರಬೇಕು.

ಖಾಸಗಿ ವ್ಯಸನಮುಕ್ತಿ ಕೇಂದ್ರಗಳಲ್ಲಿ ಒಳ್ಳೆಯವೂ ಇವೆ, ಬೀಗ ಹಾಕಿದ ಛತ್ರದಂಥವೂ ಇವೆ. ಮೂರು ತಿಂಗಳ ದುಡ್ಡು ಮುಂಗಡ ಕೇಳಿ, ರಾತ್ರಿ ವ್ಯಾನ್ ಕಳಿಸಿ ಎತ್ತಿಕೊಂಡು ಹೋಗುತ್ತೇವೆ ಎನ್ನುವವರನ್ನು ದೂರ ಇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ, ಮಾದಕವಸ್ತುಗಳಿಂದ ಬರುವ ಮಾನಸಿಕ ತೊಂದರೆಗೂ ಅನ್ವಯಿಸುತ್ತದೆ. ಚಿಕಿತ್ಸೆ ಕೊಡುವ ಕೇಂದ್ರ ನೋಂದಣಿ ಆಗಿರಬೇಕು. ರೋಗಿ ತಾನೇ ಒಪ್ಪಿ ಸೇರುವುದು ಮೊದಲ ದಾರಿ. ಒಪ್ಪದವರನ್ನು ಸೇರಿಸಲು 89ನೇ ಸೆಕ್ಷನ್ ಇದೆ: ಒಬ್ಬ ಮನೋವೈದ್ಯರು, ಜತೆಗೆ ಇನ್ನೊಬ್ಬ ತಜ್ಞರು ಅಥವಾ ವೈದ್ಯರು ಬೇರೆಬೇರೆಯಾಗಿ ಪರೀಕ್ಷಿಸಿರಬೇಕು, ಅವಧಿ 30 ದಿನ ಮೀರುವಂತಿಲ್ಲ, ಮುಂದುವರಿಸಲು ಬೇರೆ ವಿಧಾನವೇ ಇದೆ. ಸರಪಳಿ ಹಾಕುವುದನ್ನು 95ನೇ ಸೆಕ್ಷನ್ ನಿಷೇಧಿಸಿದೆ. ಸೇರಿಸುವ ಮೊದಲು ನೋಂದಣಿ ಪತ್ರ ತೋರಿಸಿ ಎನ್ನಿ. ರಾತ್ರಿ ಫಿಟ್ಸ್ ಬಂದರೆ ಯಾವ ವೈದ್ಯರು ಬರುತ್ತಾರೆ, ಮನೆಯವರು ಯಾವತ್ತು ಬಂದು ನೋಡಬಹುದು ಎಂದು ಕೇಳಿ. ‘ಮೊದಲ ತಿಂಗಳು ಭೇಟಿ ಇಲ್ಲ’ ಎಂಬ ಉತ್ತರ ಬಂದರೆ ಬಂದ ಬಸ್ಸಿಗೇ ವಾಪಸ್ ಹೋಗಿ.

ಉಳಿದ ಆರು ದಿನಕ್ಕೆ ಈಗ ಇರುವ ಆಸರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, ನಂಬರ್ 14416. 2022ರ ಅಕ್ಟೋಬರ್ 10ರಂದು ಶುರುವಾದದ್ದು. ಹಗಲು ರಾತ್ರಿ ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಮೊದಲು ಆಪ್ತಸಮಾಲೋಚಕರು, ಬೇಕಾದರೆ ಅವರೇ ಮನೋವೈದ್ಯರಿಗೆ ದಾಟಿಸುತ್ತಾರೆ. ನಡುರಾತ್ರಿ ಸಾಯುವ ಯೋಚನೆ ಕಾಡುವವರಿಗೆ, ಮಾತ್ರೆ ಬಿಟ್ಟರೆ ಏನಾಗುತ್ತದೆ ಎಂಬ ಗಾಬರಿಯಲ್ಲಿರುವ ಮನೆಯವರಿಗೆ ಇದು ನಿಜಕ್ಕೂ ಉಪಯೋಗಕ್ಕೆ ಬರುವ ಸೇವೆ. ಆದರೆ ಫೋನಿನಲ್ಲಿ ಫಿಟ್ಸ್ ನಿಲ್ಲುವುದಿಲ್ಲ. ಫಿಟ್ಸ್, ಸನ್ನಿ, ವಿಷ ಕುಡಿದದ್ದು ಇಂಥವಕ್ಕೆಲ್ಲ ನೇರ 108. ಸಾಯುವ ಮಾತು ಆಡುವವರಿರುವ ಮನೆಯಲ್ಲಿ ಹೊಲದ ಔಷಧಿ ಡಬ್ಬಿ ಬೇರೆಯವರ ಮನೆಗೆ ಸಾಗಿಸಿ, ತಿಂಗಳ ಮಾತ್ರೆಯ ಕಟ್ಟು ಬೀಗದೊಳಗಿರಲಿ. ಅಮಿಟ್ರಿಪ್ಟಲಿನ್ ಆಗಲಿ ಲಿಥಿಯಂ ಆಗಲಿ ಒಂದೇ ಸಲಕ್ಕೆ ಹೆಚ್ಚು ನುಂಗಿದರೆ ಜೀವಕ್ಕೇ ಅಪಾಯ. ಮಾದಕವಸ್ತು ಬಿಡಲು 14446, ಗುಟ್ಕಾ ಸಿಗರೇಟು ಬಿಡಲು 1800-11-2356 ಸಹಾಯವಾಣಿಗಳು ಇವೆ.

ಕಾಯಿಲೆ ಹಳೆಯದಾಗಿ ದುಡಿಯಲಾಗದ ಸ್ಥಿತಿ ಇದ್ದರೆ ಅಂಗವೈಕಲ್ಯ ಪ್ರಮಾಣಪತ್ರ ಕೇಳಿ. ತನ್ನ ಕೆಲಸ ತಾನು ಮಾಡಿಕೊಳ್ಳುವುದು, ಜನರೊಂದಿಗೆ ಬೆರೆಯುವುದು, ಮಾತು ಮತ್ತು ತಿಳಿವು, ದುಡಿಮೆ ಎಂಬ ನಾಲ್ಕಕ್ಕೆ ಅಂಕ ಹಾಕಿ, ಕಾಯಿಲೆ ಎಷ್ಟು ವರ್ಷದ್ದು ಎಂಬುದನ್ನೂ ಸೇರಿಸುತ್ತಾರೆ. 40 ಶೇಕಡಾ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಯುಡಿಐಡಿ ಕಾರ್ಡಿನಿಂದ (ಅಂಗವಿಕಲರ ಗುರುತಿನ ಚೀಟಿ) ಸವಲತ್ತುಗಳ ದಾರಿ ತೆರೆಯುತ್ತದೆ. ಅರ್ಜಿ ತಿರಸ್ಕಾರವಾಗುವುದು ಹಳೆಯ ದಾಖಲೆ ಇಲ್ಲದ್ದಕ್ಕೆ, ಆದ್ದರಿಂದ ಮಂಗಳವಾರದ ಚೀಟಿಗಳನ್ನು ಒಂದನ್ನೂ ಎಸೆಯದೆ ಪ್ಲಾಸ್ಟಿಕ್ ಕವರಿನಲ್ಲಿಡಿ.

ಕೊನೆಗೊಂದು ಸಣ್ಣ ವಿಷಯ. ಮಂಗಳವಾರವೇ ಸರ್ಕಾರಿ ರಜೆ ಬಂದರೆ ಆ ವಾರದ ಕ್ಲಿನಿಕ್ ಕೈತಪ್ಪುತ್ತದೆ, ಮಾತ್ರೆ ನಾಲ್ಕು ವಾರಕ್ಕೆ ಸರಿಯಾಗಿ ಮುಗಿದಿರುತ್ತದೆ. ದಸರಾ ದೀಪಾವಳಿ ತಿಂಗಳಲ್ಲಿ ಮನೆಯ ಕ್ಯಾಲೆಂಡರ್ ಮೊದಲೇ ನೋಡಿಕೊಂಡು, ಹಿಂದಿನ ಭೇಟಿಯಲ್ಲೇ ಐದು ವಾರದ ಮಾತ್ರೆ ಬರೆಸಿಕೊಳ್ಳಿ. ಕೌಂಟರ್‌ನಲ್ಲಿ ಕೊಡುವುದಿಲ್ಲ ಎಂದರೆ ವೈದ್ಯರು ಎದ್ದು ಹೋಗುವ ಮೊದಲೇ ವಾಪಸ್ ಹೋಗಿ ಹೇಳಿ. ಅವರು ಚೀಟಿಯಲ್ಲಿ 35 ದಿನ ಎಂದು ತಿದ್ದಿ ಸಹಿ ಹಾಕಿಕೊಡುತ್ತಾರೆ.